ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ: ನಮ್ಮಪ್ಪನ ಕಣ್ಣು ನೋಡಿದವರು ಯಾರು?

ಮಾನ್ಯ ಸಾರಿಗೆ ಸಚಿವರೇ, ನಮಸ್ಕಾರ.

ನಮ್ಮಪ್ಪನಿಗೆ ಈಗ 61. ಮಲೆನಾಡಿನ ಹಳ್ಳಿ, ಸ್ವಲ್ಪ ಅಡಿಕೆ ತೋಟ, ಒಂದು ಹಳೇ ಸ್ಕೂಟರ್. ಡೇರಿಗೆ ಹಾಲು, ಪೇಟೆಯಿಂದ ಸಾಮಾನು, ನೆಂಟರ ಮನೆ ಊಟ, ಎಲ್ಲಾ ಅದರಲ್ಲೇ. ಮೊನ್ನೆ ಊರಿಗೆ ಹೋದಾಗ ಸ್ಕೂಟರ್ ಇನ್ಶೂರೆನ್ಸ್ ಕಾಗದ ಹುಡುಕುತ್ತಾ ಇದ್ದೆ, ಅಪ್ಪನ ಡ್ರೈವಿಂಗ್ ಲೈಸೆನ್ಸ್ (ಡಿಎಲ್) ಕೈಗೆ ಸಿಕ್ಕಿತು. ಮುಗಿದು ಎಂಟು ತಿಂಗಳಾಗಿತ್ತು!

"ತಾರೀಕು ಎಲ್ಲಿದೆ ತೋರ್ಸು ನೋಡಣ" ಅಂದರು ಅಪ್ಪ. ಇದೆ ಸಾರ್. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಪಕ್ಕದಲ್ಲಿ 'ಎನ್‌ಟಿ' ಅಂತ ಬೇರೆ. ನಾನ್ ಟ್ರಾನ್ಸ್‌ಪೋರ್ಟ್, ಅಂದರೆ ಬಾಡಿಗೆಗೆ ಓಡಿಸೋದಲ್ಲ ಅಂತ ಅರ್ಥವಂತೆ. ನನಗೂ ಆವತ್ತೇ ಗೊತ್ತಾಗಿದ್ದು.

ಹುಡುಗರಿಗೆ ಈ ತಲೆನೋವಿಲ್ಲ. 30ರ ಒಳಗೆ ಲೈಸೆನ್ಸ್ ಮಾಡಿಸಿದರೆ 40 ತುಂಬುವ ತನಕ ನಡೆಯುತ್ತದೆ. 55 ದಾಟಿದವರು ಮಾತ್ರ ಐದೈದು ವರ್ಷಕ್ಕೆ ರಿನ್ಯೂವಲ್ ಮಾಡಿಸಬೇಕು. ಮೊದಲು ತಾರೀಕು ಮುಗಿದ ಮೇಲೂ 30 ದಿನ ಲೈಸೆನ್ಸ್ ಊರ್ಜಿತ ಇರುತ್ತಿತ್ತು, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಮುಗಿಯುವ ಒಂದು ವರ್ಷ ಮೊದಲಿಂದ ಮುಗಿದ ಒಂದು ವರ್ಷದ ತನಕ ಅರ್ಜಿ ಹಾಕಬಹುದು, ಅದೂ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ನಮಗೆ ನಾಲ್ಕು ತಿಂಗಳು ಉಳಿದಿತ್ತು, ಪುಣ್ಯ. ರೀಚಾರ್ಜ್ ಮುಗಿಯುತ್ತೆ ಅಂತ ಫೋನ್ ಕಂಪನಿಯವರು ದಿನಕ್ಕೆ ಮೂರು ಮೆಸೇಜ್ ಕಳಿಸುತ್ತಾರೆ. ಡಿಎಲ್ ಮುಗಿಯುತ್ತೆ ಅಂತ ನಿಮ್ಮ ಇಲಾಖೆಯಿಂದ ಅಪ್ಪನಿಗೆ ಒಂದೂ ಬಂದಿರಲಿಲ್ಲ.

ಲೈಸೆನ್ಸ್ ಕೆಲಸಕ್ಕೆ ಅಂತಲೇ ಇರುವ ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಮಾಡೋಣ ಅಂತ ಕೂತೆ. ಆಧಾರ್ ಕೊಟ್ಟರೆ ಕಚೇರಿಗೆ ಬರೋದು ಬೇಡ ಅಂತ ಕೇಂದ್ರದವರು 2021ರ ಮಾರ್ಚಿನಲ್ಲೇ ಹೇಳಿದ್ದಾರೆ ಅಲ್ವಾ? ಆದರೆ ಡಿಎಲ್‌ನಲ್ಲಿ ಅಪ್ಪನ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಹೊಂದಲಿಲ್ಲ. ಸರಿ ಅಂತ ಬಸ್ ಹತ್ತಿ ಅರವತ್ತು ಕಿಲೋಮೀಟರ್ ದೂರದ ಆರ್‌ಟಿಓ ಕಚೇರಿಗೆ ಹೋದೆವು.

ಗೇಟಿನ ಹೊರಗೆ ಛತ್ರಿ, ಮೇಜು, ಸ್ಟೇಪ್ಲರ್ ಇಟ್ಟುಕೊಂಡು ಒಬ್ಬ ಏಜೆಂಟ್. 40 ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕಲ್ಲ, ಫಾರಂ 1ಎ, ಅದರ ಕಟ್ಟೇ ಅವನ ಹತ್ತಿರ ಇತ್ತು. ಸೀಲು, ಸಹಿ ಎಲ್ಲಾ ಮೊದಲೇ ಬಿದ್ದಿತ್ತು. ಹೆಸರು ಬರೆದು ಫೋಟೋ ಅಂಟಿಸೋದೊಂದೇ ಬಾಕಿ. ರಿನ್ಯೂವಲ್ ಫೀಸು 200, ಸ್ಮಾರ್ಟ್ ಕಾರ್ಡಿಗೆ 200, ತಡವಾದದ್ದಕ್ಕೆ ದಂಡ ಬೇರೆ ಅಂತ ನಾನು ಲೆಕ್ಕ ಹಾಕುತ್ತಾ ಇದ್ದೆ. ಅವನು ಎಲ್ಲಾ ಸೇರಿ 2,500 ಅಂದ. ಸುಳ್ಳು ಯಾಕೆ ಹೇಳಲಿ, ಕೊಟ್ಟೆವು. ಮಧ್ಯಾಹ್ನದ ಬಸ್ಸಿಗೆ ವಾಪಸ್.

ರಾತ್ರಿ ಸುಮ್ನೆ ಆ ಫಾರಂ ಓದಿದೆ. 25 ಮೀಟರ್ ದೂರದಲ್ಲಿರುವ ಗಾಡಿಯ ನಂಬರ್ ಪ್ಲೇಟ್ ಹಗಲು ಬೆಳಕಲ್ಲಿ ಕಾಣುತ್ತಾ, ಕನ್ನಡಕ ಹಾಕಿದರೂ ಪರವಾಗಿಲ್ಲ, ಅಂತ ಅದರಲ್ಲಿ ಒಂದು ಪ್ರಶ್ನೆ ಇದೆ. ಬೆಳಗ್ಗೆ ಜಗಲಿಯಿಂದ ದಣಪೆ (ಅಂಗಳದ ಗೇಟು) ಕಡೆಗೆ ಹೆಜ್ಜೆ ಎಣಿಸಿ ಸ್ಕೂಟರ್ ನಿಲ್ಲಿಸಿ, ಅಪ್ಪನ ಮೂಗಿಗೆ ಕನ್ನಡಕ ಏರಿಸಿ, ಓದಿ ಅಂದೆ. "ಕೆಎ" ಅಂದರು. ಅದು ನೋಡಿ ಹೇಳಿದ್ದಲ್ಲ, ಎಲ್ಲಾ ಪ್ಲೇಟಲ್ಲೂ ಇರುತ್ತಲ್ಲ. ಮುಂದಿನದು ಒಂದೂ ಬರಲಿಲ್ಲ, ತಮ್ಮದೇ ಸ್ಕೂಟರಿನ ನಂಬರ್ ಬಾಯಿಪಾಠ ಇಲ್ಲದಿದ್ದದ್ದೂ ಒಳ್ಳೇದೇ ಆಯಿತು ಅನ್ನಿ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಎರಡೂ ಕಣ್ಣಿಗೆ ಪೊರೆ.

ಸಾರ್, ವಯಸ್ಸಾದವರನ್ನು ಐದು ವರ್ಷಕ್ಕೊಮ್ಮೆ ಕರೆಯೋದೇ ಇದನ್ನ ನೋಡೋಕೆ ಅಲ್ವಾ? ಫೋಟೋ ನೋಡಿದರು, ಆಧಾರ್ ನೋಡಿದರು, ದುಡ್ಡು ಎಣಿಸಿದರು. ಕಣ್ಣೊಂದನ್ನು ಯಾರೂ ನೋಡಲಿಲ್ಲ.

ಎಲ್‌ಎಲ್ (ಕಲಿಕಾ ಲೈಸೆನ್ಸ್) ಕೊಡೋಕೆ ತಾಲ್ಲೂಕಿಗೆ ಬಂದು ಕ್ಯಾಂಪ್ ಮಾಡುತ್ತೀರಿ. ಹಾಗೇ ತಿಂಗಳಿಗೊಂದು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ 40 ದಾಟಿದವರ ಕಣ್ಣು ನೋಡಿಸಿ. ನೋಡಿದ ಡಾಕ್ಟರೇ ತಮ್ಮ ಲಾಗಿನ್‌ನಿಂದ ನೇರ ಸಾರಥಿಗೆ ಹಾಕಲಿ, ಆಗ ಮೊದಲೇ ಸೀಲು ಬಿದ್ದ ಕಾಗದಕ್ಕೆ ಬೆಲೆ ಇರಲ್ಲ. ಉಳಿದದ್ದನ್ನು ನಮ್ಮೂರ ಸೈಬರ್ ಹುಡುಗ ಮಾಡಿಕೊಡುತ್ತಾನೆ. ಮೂರು ತಿಂಗಳು ಮೊದಲೇ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ. ಇನಿಶಿಯಲ್ ಹಿಂದೆ ಮುಂದೆ ಆದದ್ದಕ್ಕೆಲ್ಲ ಜನರನ್ನು ಓಡಾಡಿಸಬೇಡಿ, ನಮ್ಮ ಕಡೆ ಅರ್ಧ ಊರಿನ ಕಥೆ ಇದೇ.

ಅಪ್ಪನ ಹೊಸ ಕಾರ್ಡ್ ಕಳೆದ ವಾರ ಸ್ಪೀಡ್ ಪೋಸ್ಟಲ್ಲಿ ಬಂತು. ಇನ್ನೈದು ವರ್ಷ ಧಾರಾಳವಾಗಿ ಓಡಿಸಬಹುದು ಅಂತ ಇದೆ. ಆಪರೇಷನ್ ಆಗುವ ತನಕ ಬೇಡ ಅಂತ ಸ್ಕೂಟರ್ ಕೀ ನಾನು ಬೆಂಗಳೂರಿಗೆ ತಂದುಬಿಟ್ಟಿದ್ದೀನಿ. ದಿನಾ ಫೋನ್ ಮಾಡಿ ಬೈಯುತ್ತಾರೆ, "ಸರ್ಕಾರವೇ ಬಿಟ್ಟಿದೆ, ನಿಂದೇನೇ ತಕರಾರು?" ಅಂತ.

ಇಂತಿ,
ಅಡಿಕೆ ಬೆಳೆಗಾರರೊಬ್ಬರ ಮಗಳು