ಹಲಗೆ ಆರಿಸುವ ಮೊದಲು ಕಂಬದ ಲೆಕ್ಕ ತೋರಿಸಿ: ವಾರ್ಡ್ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮಸ್ಕಾರ. ಪಾರ್ಕಿನಲ್ಲಿ ನೆಲದಿಂದ 4 ಮೀಟರ್ ಎತ್ತರಕ್ಕೆ ಮರದ ದೊಡ್ಡ ಡೆಕ್ ಕಟ್ಟಿಸುತ್ತೀರಿ ಅಂತ ಕೇಳಿ ಖುಷಿಯಾಯಿತು. ಸಭೆಯಲ್ಲಿ ಹಲಗೆಯ ಬಣ್ಣ, ದೀಪ, ಕಟಕಟೆ ಎಲ್ಲ ತೋರಿಸಿದಿರಿ. ಕಂಬ ಎಲ್ಲೆಲ್ಲಿ ಬರುತ್ತದೆ, ಪಾಯ ಎಷ್ಟು ಆಳ ಅನ್ನೋದನ್ನು ತೋರಿಸಲಿಲ್ಲ. ಕೆಲಸ ಶುರುವಾಗುವ ಮೊದಲು ಆ ನಕ್ಷೆ, ಆ ಲೆಕ್ಕ ಜನರ ಮುಂದೆ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಡೆಕ್ 12 ಮೀಟರ್ ಉದ್ದ, 9 ಮೀಟರ್ ಅಗಲ ಅಂದಿರಿ. ಜನ ಗುಂಪುಗೂಡುವ ಜಾಗಕ್ಕೆ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಹಿಡಿಯುವುದು ವಾಡಿಕೆ. ಅಲ್ಲಿಗೆ 54 ಟನ್ ಆಯಿತು. ಮರದ ತೂಕ ಬೇರೆ. ಇದನ್ನು ಸುಮ್ನೆ ಕಂಬಗಳ ಸಂಖ್ಯೆಯಿಂದ ಭಾಗಿಸಿದರೆ ಆಗದು. 3 ಮೀಟರಿಗೊಂದು ಕಂಬ ನಿಲ್ಲಿಸಿದರೆ ಮೂಲೆಯ ಕಂಬದ ಪಾಲಿಗೆ ಬರುವುದು ಎರಡೂಕಾಲು ಚದರ ಮೀಟರ್. ನಡುವಿನ ಕಂಬಕ್ಕೆ 9 ಚದರ ಮೀಟರ್, ಅಂದರೆ ಸುಮಾರು ನಾಲ್ಕೂವರೆ ಟನ್. ಎಲ್ಲ ಕಂಬಕ್ಕೂ ಒಂದೇ ಅಳತೆಯ ಗುಂಡಿ ತೋಡಿದರೆ ಹೇಗೆ? ಅಲ್ಲಿಯ ಮಣ್ಣು ಎಷ್ಟು ಭಾರ ತಾಳುತ್ತದೆ ಎಂದು ಪರೀಕ್ಷೆ ಮಾಡಿಸಿದ್ದೀರಾ?

ಮನೆಯ ಹಿಂದೆ ನಾನೂ ಒಂದು ಸಣ್ಣ ಡೆಕ್ ಕಟ್ಟಿಸಿದ್ದೆ. ಒಂದು ಕಂಬ ಹೊಸದಾಗಿ ಮಣ್ಣು ತುಂಬಿದ ಜಾಗದಲ್ಲಿತ್ತು. ಒಂದೇ ಮಳೆಗಾಲಕ್ಕೆ ಅದು ಎರಡು ಬೆರಳು ಇಳಿಯಿತು, ಮೇಲಿನ ತೊಲೆ ಬಿರುಕು ಬಿಟ್ಟಿತು. ಆಗ ಮಕ್ಕಳು ಮೇಲೆ ಇರಲಿಲ್ಲ. ಇದ್ದಿದ್ದರೆ ಎಂದು ಈಗಲೂ ಎದೆ ನಡುಗುತ್ತದೆ.

ಕಂಬ ಕಡಿಮೆ ಮಾಡಿ, ಕೆಳಗೆ ಜಾಗ ಸಿಗುತ್ತದೆ ಎಂದು ಕೆಲವರು ಕೇಳಿದರು. ದಯವಿಟ್ಟು ಒಪ್ಪಬೇಡಿ. ಜಂತೆಯ ದಪ್ಪ ಅದೇ, ಪ್ರತಿ ಮೀಟರಿಗೆ ಬೀಳುವ ಭಾರ ಅದೇ ಇದ್ದು, ಆಸರೆಗಳ ನಡುವಿನ ಅಂತರ ಎರಡು ಪಟ್ಟಾದರೆ ಜಂತೆ 16 ಪಟ್ಟು ಬಾಗುತ್ತದೆ.

ಒಂದು ಬದಿಯನ್ನು ಹಳೆಯ ಕಟ್ಟಡದ ಗೋಡೆಗೆ ಸೇರಿಸುತ್ತೇವೆ ಅಂದಿರಲ್ಲ, ನನಗೆ ಜಾಸ್ತಿ ಭಯ ಅಲ್ಲೇ. ಡೆಕ್ ಬಿದ್ದಾಗ ಎಷ್ಟೋ ಸಲ ಕೈಕೊಡುವುದು ಜಂತೆಗಳ ತುದಿ ಹೊರಲು ಗೋಡೆಗೆ ಹೊಡೆದ ಮರದ ಪಟ್ಟಿ. ಬರೀ ಮೊಳೆ ಹೊಡೆದಿರುತ್ತಾರೆ, ಇಲ್ಲವೇ ಸಂದಿಗೆ ನೀರಿಳಿದು ಮರ ಕೊಳೆತಿರುತ್ತದೆ. ಅಮೆರಿಕದ ಬರ್ಕ್‌ಲಿಯಲ್ಲಿ 2015ರ ಜೂನ್‌ನಲ್ಲಿ ಬಾಲ್ಕನಿಯೊಂದು ಮುರಿದು 6 ಜನ ಸತ್ತರು. ಒಳಗಿನ ಮರ ಕೊಳೆತದ್ದು ಹೊರಗಿನಿಂದ ಕಾಣುತ್ತಿರಲಿಲ್ಲ. ಗೋಡೆಯನ್ನು ನಂಬದೆ ಆ ಬದಿಗೂ ಕಂಬ ಕೊಡಿ. ಡೆಕ್ ತನ್ನ ಕಾಲ ಮೇಲೆ ತಾನೇ ನಿಲ್ಲಲಿ. ಆಗ ಎರಡೂ ದಿಕ್ಕಿಗೆ ಓರೆ ಆಸರೆ ಬೇಕೇ ಬೇಕು. ಜನ ಒಟ್ಟಿಗೆ ಕುಣಿದರೆ ಡೆಕ್ ಪಕ್ಕಕ್ಕೂ ತೂಗಾಡುತ್ತದೆ, ಅಷ್ಟು ಎತ್ತರದ ಕಂಬಗಳು ಆಸರೆಯಿಲ್ಲದೆ ಅದನ್ನು ತಡೆಯಲಾರವು. ಕಂಬದ ಬುಡ ಮಣ್ಣಿಗೆ ತಾಗದಂತೆ ಕಬ್ಬಿಣದ ಪಾದದ ಮೇಲೆ ಕೂರಿಸಿ.

ಇಂಜಿನಿಯರ್ ಸಹಿ ಇರುವ ನಕ್ಷೆಯನ್ನು ಕಚೇರಿಯ ಫಲಕಕ್ಕೆ ಹಾಕಿಸಿ. ಗುಂಡಿಗೆ ಕಾಂಕ್ರೀಟ್ ಹಾಕುವ ಹಿಂದಿನ ದಿನ ನಮಗೆ ತಿಳಿಸಿ, ಬಂದು ಅಳತೆ ನೋಡುತ್ತೇವೆ. ಒಮ್ಮೆ ಮುಚ್ಚಿದ ಮೇಲೆ ಒಳಗೇನಿದೆ ಅಂತ ಯಾರಿಗೂ ಕಾಣುವುದಿಲ್ಲ, ಅಲ್ವಾ?

ಇಂತಿ,
ನಿಮ್ಮ ವಾರ್ಡಿನ ನಿವಾಸಿ