“ಬಾಡಿಗೆ ತಗೊಂಡಿದ್ರಾ?” ಅಂತ ಕೇಳುವ ಮೊದಲೇ ವಿಮೆ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಸ್ವಂತಕ್ಕೆ ಅಂತ ಪಿಕಪ್ ತಗೊಂಡವರು ಬಿಡುವಿದ್ದಾಗ ನಾಲ್ಕು ಲೋಡು ಬಾಡಿಗೆ ಹೊಡೆದರೆ ಕಂತಾದರೂ ಹುಟ್ಟುತ್ತದೆ ಅಂತ ಜನ ಹೇಳುತ್ತಾರೆ. ತಪ್ಪು ಮಾತೇನಲ್ಲ. ನಾನೂ ಹಾಗೇ ಶುರು ಮಾಡಿದವನು. ಆದರೆ ಬಾಡಿಗೆ ಎಷ್ಟು ಹೇಳಬೇಕು, ವಿಮೆ ಏನು ಮಾಡಿಸಬೇಕು ಅನ್ನೋದನ್ನು ಯಾರೂ ಒಟ್ಟಿಗೆ ಹೇಳಿಕೊಡುವುದಿಲ್ಲ. ಎರಡೂ ಬೇರೆ ಬೇರೆ ಅಂದುಕೊಂಡು ನಾನು ಪೆಟ್ಟು ತಿಂದೆ. ಅದಕ್ಕೇ ಈ ಪತ್ರ.

ಆವತ್ತಿನ ಲೋಡು ದೊಡ್ಡದೇನಲ್ಲ. ಪರಿಚಯದವರ ಮನೆ ಸಾಮಾನು. ಒಂದು ಫ್ರಿಜ್, ಮಂಚ, ಕನ್ನಡಿ ಬಾಗಿಲಿನ ಬೀರು. ಬೀರುವನ್ನು ನಿಲ್ಲಿಸಿಯೇ ಕಟ್ಟಿದ್ದೆವು. ಹೊಸ ನೈಲಾನ್ ಹಗ್ಗ, ಬಿಗಿಯಾಗೇ ಎಳೆದಿದ್ದೆ. ಆದರೆ ಗಾಡಿ ಸ್ವಲ್ಪ ದೂರ ಕುಲುಕಿದ ಮೇಲೆ ಸಾಮಾನು ಒಂದಕ್ಕೊಂದು ಒತ್ತಿ ಕೂರುತ್ತದೆ, ಹಗ್ಗ ತಾನಾಗೇ ಸಡಿಲ ಆಗುತ್ತದೆ. ನಿಲ್ಲಿಸಿ ಮತ್ತೊಮ್ಮೆ ಎಳೆಯಬೇಕಿತ್ತು, ಎಳೆಯಲಿಲ್ಲ. ಒಂದು ತಿರುವಿನಲ್ಲಿ ಮುಂದಿನ ಕಾರು ದಿಢೀರ್ ನಿಂತಿತು, ನಾನು ಬ್ರೇಕ್ ಒತ್ತಿದೆ, ಬೀರು ವಾಲಿ ಫ್ರಿಜ್ ಮೇಲೆ ಬಿತ್ತು, ನನ್ನ ಬಂಪರ್ ಹೋಗಿ ಆ ಕಾರಿಗೆ ಗುದ್ದಿತು. ಯಾರಿಗೂ ಏಟಾಗಲಿಲ್ಲ, ಅದೊಂದು ಪುಣ್ಯ.

ಪಾಲಿಸಿ ಇತ್ತು. ಒಂದು ವರ್ಷವೂ ತಪ್ಪಿಸದೆ ಕಟ್ಟಿದ್ದೆ. ಕ್ಲೇಮ್ ಫಾರಂನಲ್ಲಿ ಒಂದು ಸಾಲು: ಅಪಘಾತದ ಹೊತ್ತಿಗೆ ಗಾಡಿ ಯಾವ ಕೆಲಸಕ್ಕೆ ಓಡುತ್ತಿತ್ತು? ಗಾಡಿ ನೋಡಲು ಬಂದ ಸರ್ವೇಯರ್ ಕೂಡ ಹಿಂದೆ ಬಿದ್ದಿದ್ದ ಕನ್ನಡಿ ಚೂರು ನೋಡಿ ಅದನ್ನೇ ಕೇಳಿದರು. “ಬಾಡಿಗೆ ತಗೊಂಡಿದ್ರಾ?” ಹೌದು ಅಂದೆ. ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ. ಕ್ಲೇಮ್ ಅಲ್ಲಿಗೇ ನಿಂತಿತು. ಸ್ವಂತ ಬಳಕೆಯ ಪಾಲಿಸಿಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ, ಬಾಡಿಗೆಗೆ ಇಲ್ಲವೇ ಪ್ರತಿಫಲಕ್ಕೆ ಗಾಡಿ ಓಡಿಸಿದರೆ ರಕ್ಷಣೆ ಇಲ್ಲ ಅಂತ. ನನ್ನದರಲ್ಲೂ ಸಣ್ಣ ಅಕ್ಷರದಲ್ಲಿ ಇತ್ತು, ನಾನು ಓದಿರಲಿಲ್ಲ. ಗಾಡಿ ರಿಪೇರಿ, ಕಾರಿನವರ ಖರ್ಚು, ಬೀರು, ಫ್ರಿಜ್, ಎಲ್ಲಾ ಕೈಯಿಂದಲೇ ಹೋಯಿತು.

ಯಾರಿಗಾದರೂ ಗಾಯವಾಗಿದ್ದರೆ? ಕೆಲವು ಕಡೆ ಕಾನೂನಿನ ಪ್ರಕಾರ ವಿಮಾ ಕಂಪನಿ ಮೊದಲು ಗಾಯಗೊಂಡವರಿಗೆ ಪರಿಹಾರ ಕೊಟ್ಟು, ಆಮೇಲೆ ಆ ಅಷ್ಟೂ ದುಡ್ಡನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡುತ್ತದೆ. ಒಂದು ಟ್ರಿಪ್ಪಿನ ಆಸೆಗೆ ಮನೆಯೇ ಹೋಗಬಹುದು. “ನಾನು ಬರೀ ಡೀಸೆಲ್ ದುಡ್ಡು ತಗೊಂಡೆ, ಅದು ಬಾಡಿಗೆ ಹೇಗಾಗುತ್ತೆ?” ಅಂತ ವಾದ ಮಾಡುವವರಿದ್ದಾರೆ. ಈ ವಾದ ನಿಲ್ಲುತ್ತದೆ ಅಂತ ನಂಬಿ ಕೂರಬೇಡಿ. ಟ್ರಿಪ್ ಒಪ್ಪಿಕೊಳ್ಳುವ ಮೊದಲು ನಿಮ್ಮ ಕಂಪನಿಗೆ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಬಾಡಿಗೆ ಓಡಿಸುವ ಗಾಡಿಗಿರುವ ವಾಣಿಜ್ಯ ಪಾಲಿಸಿ ಮಾಡಿಸಿದರೂ ಅದು ಗಾಡಿಗೆ ಮತ್ತು ಎದುರಿನವರಿಗೆ ಮಾತ್ರ. ಹಿಂದೆ ಹೇರಿದ ಸಾಮಾನಿಗೆ ಬೇರೆಯೇ ಪಾಲಿಸಿ ಬೇಕು. ರಸ್ತೆ ಮೇಲೆ ಹೋಗುವ ಸಾಮಾನಿನ ಈ ವಿಮೆಯನ್ನು ಎಷ್ಟೋ ಕಡೆ ‘ಮರೀನ್’ ಅನ್ನುವ ಹೆಸರಲ್ಲೇ ಮಾರುತ್ತಾರೆ. ವಿಮೆ ಶುರುವಾದದ್ದು ಹಡಗಿನ ಸರಕಿನಿಂದ, ಹೆಸರು ಹಾಗೇ ಉಳಿದಿದೆ. ಹೆಸರು ನೋಡಿ ಇದು ನಮಗಲ್ಲ ಅಂತ ಬಿಟ್ಟುಬಿಡಬೇಡಿ. ಆದರೆ ಮೂರು ಮಾತು ಕೇಳಿಯೇ ಕೇಳಿ: ಹತ್ತಿಸುವಾಗ ಇಳಿಸುವಾಗ ಒಡೆದರೆ ಸೇರುತ್ತದಾ, ಗಾಜಿನ ಸಾಮಾನು ಸೇರುತ್ತದಾ, ನಷ್ಟವಾದಾಗ ಅದರಲ್ಲಿ ಮೊದಲು ನಮ್ಮ ಕೈಯಿಂದ ಎಷ್ಟು ಹಾಕಬೇಕು. ಸರಿಯಾಗಿ ಪ್ಯಾಕ್ ಮಾಡದ ಸಾಮಾನಿಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಜೊತೆಗೆ ಕರೆದುಕೊಂಡು ಹೋಗುವ ಹುಡುಗನ ಕಾಲ ಮೇಲೆ ಫ್ರಿಜ್ ಬಿದ್ದರೆ ಅದೂ ಬೇರೆ ಲೆಕ್ಕ.

ಈಗ ಬಾಡಿಗೆ ವಿಷಯ. ಆ ಟ್ರಿಪ್ಪಿಗೆ ನಾನು ಕೇಳಿದ್ದು ಡೀಸೆಲ್ ದುಡ್ಡು ಮತ್ತು ಮೇಲೆ ಸ್ವಲ್ಪ. ಬಹಳ ಜನ ಹೀಗೇ ಕೇಳುತ್ತಾರೆ. ಡೀಸೆಲ್ ದುಡ್ಡು ಅವತ್ತೇ ಜೇಬಿನಿಂದ ಹೋಗುತ್ತದೆ, ಹಾಗಾಗಿ ಅದೊಂದೇ ಕಣ್ಣಿಗೆ ಕಾಣುತ್ತದೆ. ಟೈರು, ಬ್ರೇಕ್, ಕ್ಲಚ್, ಆಯಿಲ್, ತೆರಿಗೆ, ವರ್ಷ ವರ್ಷ ಇಳಿಯುವ ಗಾಡಿಯ ಬೆಲೆ, ಇವೆಲ್ಲ ಆಮೇಲೆ ಬರುತ್ತವೆ, ಬರುವುದಂತೂ ಖಂಡಿತ. ನಾನು ಈಗ ವರ್ಷದ ಇಡೀ ಖರ್ಚನ್ನು ಬರೆದಿಟ್ಟು, ಓಡಿದ ಕಿಲೋಮೀಟರಿನಿಂದ ಭಾಗಿಸುತ್ತೇನೆ. ಬಂದ ಅಂಕಿ ನೋಡಿ ಮೊದಲ ಸಲ ನಿದ್ದೆ ಬರಲಿಲ್ಲ, ಅಷ್ಟು ದಿನ ನಷ್ಟದಲ್ಲೇ ಓಡಿಸಿದ್ದೆ.

ಕಿಲೋಮೀಟರ್ ಎಣಿಸುವುದರಲ್ಲೂ ಮೋಸ ಹೋಗುತ್ತೇವೆ. ಗಿರಾಕಿ “20 ಕಿ.ಮೀ. ಅಷ್ಟೇ” ಅನ್ನುತ್ತಾರೆ. ಅವರ ಲೆಕ್ಕ ಅವರಿಗೆ ಸರಿ. ಆದರೆ ನಮ್ಮ ಮನೆಯಿಂದ ಅವರ ಮನೆಗೆ 12, ಅಲ್ಲಿಂದ ಸಾಮಾನು ಇಳಿಸುವ ಜಾಗಕ್ಕೆ 20, ಅಲ್ಲಿಂದ ಖಾಲಿ ಗಾಡಿ ವಾಪಸ್ 28 ಅಂದರೆ ಒಟ್ಟು 60 ಆಯಿತು. ಮೂರು ಪಟ್ಟು! ಇನ್ನು ಕಾಯುವುದು. ಮಹಡಿಯಿಂದ ಬೀರು ಇಳಿಸಲು, ಮೂಲೆ ತಿರುಗಿಸಲು, ಕೀಲಿ ತರಲು ಹೋದವರು ಬರುವವರೆಗೆ ನಿಲ್ಲಲು ಅರ್ಧ ದಿನ ಹೋಗುತ್ತದೆ. ಅದಕ್ಕೇ ಎಷ್ಟೇ ಹತ್ತಿರ ಇದ್ದರೂ ಇಷ್ಟಕ್ಕಿಂತ ಕಡಿಮೆ ಇಲ್ಲ ಅಂತ ಒಂದು ಮೊತ್ತ ಇಟ್ಟುಕೊಳ್ಳಬೇಕು, ಇಷ್ಟು ಹೊತ್ತಿನ ಮೇಲೆ ಗಂಟೆಗಿಷ್ಟು ವೇಟಿಂಗ್ ಅಂತ ಫೋನಿನಲ್ಲೇ ಹೇಳಿಬಿಡಬೇಕು.

ತೂಕದ ವಿಷಯದಲ್ಲಿ ಮುಲಾಜು ಬೇಡ. ಒಂದು ಘನ ಮೀಟರ್ ಒಣ ಮರಳೇ ಸುಮಾರು 1,600 ಕೆ.ಜಿ. ತೂಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಒಂದು ಟನ್ ಹೊರುವ ಗಾಡಿಯಲ್ಲಿ “ಇನ್ನೂ ಜಾಗ ಇದೆಯಲ್ಲಾ, ಹಾಕಿ” ಅಂದರೆ ಕೇಳಬಾರದು. ಓವರ್‌ಲೋಡ್ ಆಗಿದ್ದರೆ ಸರಿಯಾದ ಪಾಲಿಸಿ ಇದ್ದರೂ ಕ್ಲೇಮಿಗೆ ತಕರಾರು ಬರುತ್ತದೆ.

ವಿಮೆಯ ಹೆಚ್ಚುವರಿ ಪ್ರೀಮಿಯಂ ಕೂಡ ಬಾಡಿಗೆಯೊಳಗೇ ಸೇರಬೇಕು. ಅದನ್ನು ಬಾಡಿಗೆ ಟ್ರಿಪ್ಪುಗಳಿಗೆ ಮಾತ್ರ ಹಂಚಬೇಕು, ಸ್ವಂತ ಓಡಾಟಕ್ಕಲ್ಲ. ವರ್ಷಕ್ಕೆ 50 ಟ್ರಿಪ್ ಆದರೆ ಒಂದೊಂದಕ್ಕೆ ಐವತ್ತರಲ್ಲಿ ಒಂದು ಪಾಲು, ಯಾರಿಗೂ ಭಾರ ಅನ್ನಿಸುವುದಿಲ್ಲ. ವರ್ಷಕ್ಕೆ 5 ಟ್ರಿಪ್ ಮಾತ್ರ ಅಂದರೆ ಒಂದೊಂದರ ಮೇಲೂ ಹತ್ತು ಪಟ್ಟು ಬೀಳುತ್ತದೆ, ಅಷ್ಟು ಬಾಡಿಗೆ ಯಾರೂ ಕೊಡುವುದಿಲ್ಲ. ಅಂಥವರು ಟ್ರಿಪ್ ಬಿಡೋದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಆದರೆ ಹೆಚ್ಚಿನವರು ಬಿಡುವುದಿಲ್ಲ, ವಿಮೆ ಇಲ್ಲದೇ ಓಡಿಸುತ್ತಾರೆ, ಕಡಿಮೆ ಬಾಡಿಗೆ ಹೇಳುತ್ತಾರೆ, ವಿಮೆ ಕಟ್ಟಿದವನು ದುಬಾರಿ ಅನ್ನಿಸಿಕೊಳ್ಳುತ್ತಾನೆ.

ಇದಕ್ಕೆ ವಿಮಾ ಕಂಪನಿಗಳೂ ಏನಾದರೂ ಮಾಡಬೇಕು ಅಲ್ವಾ? ಬ್ರಿಟನ್ನಿನಲ್ಲಿ ಡೆಲಿವರಿ ಮಾಡುವವರಿಗೆ ಗಂಟೆ ಲೆಕ್ಕದ ವಿಮೆ ಸಿಗುತ್ತದೆ, ಕೆಲಸ ಮಾಡಿದಷ್ಟು ಹೊತ್ತಿಗೆ ಮಾತ್ರ ದುಡ್ಡು. ಅಪರೂಪಕ್ಕೆ ಬಾಡಿಗೆ ಹೊಡೆಯುವವರಿಗೂ ಒಂದು ದಿನದ ರಕ್ಷಣೆ ಎಲ್ಲಾ ಕಡೆ ಸಿಗುವಂತಾಗಲಿ. ಮತ್ತೆ ಕ್ಲೇಮ್ ಫಾರಂನಲ್ಲಿ ಕೇಳುವ ಆ ಪ್ರಶ್ನೆಯನ್ನು ಪಾಲಿಸಿ ಮಾರುವ ದಿನವೇ, ಮೊದಲ ಪುಟದಲ್ಲೇ, ದೊಡ್ಡ ಅಕ್ಷರದಲ್ಲಿ ಕೇಳಲಿ: “ಈ ಗಾಡಿಯನ್ನು ಬಾಡಿಗೆಗೆ ಓಡಿಸ್ತೀರಾ?”

ನಾನೀಗ ಬಾಡಿಗೆ ಹೇಳುವ ಮೊದಲು ಯಾವುದಕ್ಕೆ ವಿಮೆ ಇದೆ, ಯಾವುದಕ್ಕೆ ಇಲ್ಲ ಅಂತ ಗಿರಾಕಿಗೆ ಹೇಳುತ್ತೇನೆ. ಹತ್ತಿಸುವ ಮೊದಲು ಸಾಮಾನಿನ ಫೋಟೋ ತೆಗೆದು ಅವರಿಗೇ ಕಳಿಸುತ್ತೇನೆ. ಹೊರಟ ಸ್ವಲ್ಪ ಹೊತ್ತಿಗೆ ಗಾಡಿ ಪಕ್ಕಕ್ಕೆ ಹಾಕಿ ಹಗ್ಗ ಇನ್ನೊಮ್ಮೆ ಎಳೆಯುತ್ತೇನೆ. ಮೊನ್ನೆ ಒಬ್ಬರು ಇದನ್ನೆಲ್ಲ ಕೇಳಿ, ಬೇರೆಯವರು ಕಡಿಮೆಗೆ ಬರ್ತಾರೆ ಅಂತ ಫೋನ್ ಇಟ್ಟರು. ಸಂಜೆ ಅವರೇ ಮತ್ತೆ ಫೋನ್ ಮಾಡಿ, ಆ ಗಾಡಿಯವರಿಗೆ ವಿಮೆ ಇಲ್ಲವಂತೆ, ನೀವೇ ಬನ್ನಿ ಅಂದರು.

ಇಂತಿ,
ಸ್ವಂತ ಪಿಕಪ್ ಓಡಿಸುವ ಒಬ್ಬ ಓದುಗ