ಕರ್ನಲ್ ಎಂದು ಕರೆಸಿಕೊಂಡ ಗೆಳೆಯನಿಗೊಂದು ಪತ್ರ

ಪ್ರೀತಿಯ ಕರ್ನಲ್,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ತಡವಾದದ್ದು ಉದಾಸೀನದಿಂದಲ್ಲ. ನೀನು ಕೇಳಿದ ಪ್ರಶ್ನೆಗೆ ಬಾಯಿಮಾತಿನ ಸಮಾಧಾನ ಹೇಳಿ ಮುಗಿಸುವುದು ನನಗೆ ಸರಿಕಾಣಲಿಲ್ಲ. ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಎಲ್ಲರೂ ನಿನ್ನನ್ನು ‘ಕರ್ನಲ್’ ಎಂದು ಕೂಗುತ್ತಿರುವುದನ್ನು ಕೇಳಿದ ಹಿರಿಯರೊಬ್ಬರು, ಮೂವತ್ತು ವರ್ಷ ಸೇನೆಯಲ್ಲಿ ದುಡಿದು ನಿವೃತ್ತರಾದವರು, ಕುರ್ಚಿಯಿಂದ ಎದ್ದು ಬಂದು ಕೈ ಕುಲುಕಿ ‘ಯಾವ ರೆಜಿಮೆಂಟು?’ ಎಂದು ಕೇಳಿದರೆಂದೂ, ಅದು ಬರೀ ಅಡ್ಡಹೆಸರು ಎಂದು ನೀನು ಹೇಳಿದ ಕ್ಷಣದಲ್ಲಿ ಆ ಹಿಡಿತ ಸಡಿಲವಾದದ್ದು ನಿನ್ನ ಅಂಗೈಗೆ ತಿಳಿಯಿತೆಂದೂ ಬರೆದಿದ್ದೀಯೆ. ಅವರು ಒಂದು ಕಟುಮಾತನ್ನೂ ಆಡದೆ ನಕ್ಕು ಹಿಂದಿರುಗಿದರು, ಅದೇ ನಿನ್ನನ್ನು ಹೆಚ್ಚು ನೋಯಿಸಿದೆ. ಈಗ ಸ್ಮರಣ ಸಂಚಿಕೆಯಲ್ಲಿ ನಿನ್ನ ಹೆಸರಿನ ಹಿಂದೆ ಆ ಪದ ಅಚ್ಚಾಗಲಿದೆ. ಅದನ್ನು ತೆಗೆಸಬೇಕೇ, ಇನ್ನು ಮುಂದೆ ಯಾರೂ ಹಾಗೆ ಕರೆಯಬಾರದೆಂದು ಹೇಳಿಬಿಡಬೇಕೇ ಎಂಬುದು ನಿನ್ನ ಪ್ರಶ್ನೆ.

ಆ ಹೆಸರು ನಿನಗೆ ಬಂದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಚಾರಣದಿಂದ ಇಳಿಯುವಾಗ ಮಳೆ ಹಿಡಿದು, ಬೆಳಿಗ್ಗೆ ಮೊಣಕಾಲಷ್ಟಿದ್ದ ಹಳ್ಳ ಸೊಂಟದ ಮಟ್ಟಕ್ಕೆ ಏರಿತ್ತು. ನಾವು ಹದಿಮೂರು ಜನ. ಇದ್ದದ್ದು ಒಂದೇ ಟಾರ್ಚು. ನೀನು ಹಗ್ಗದ ಒಂದು ತುದಿಯನ್ನು ಮರಕ್ಕೆ ಬಿಗಿದು, ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟು, ದಾಟಿದವರು ಆಚೆಯ ದಡದಿಂದ ತಮ್ಮ ಸಂಖ್ಯೆಯನ್ನು ಕೂಗಿ ಹೇಳಿದ ಮೇಲೆಯೇ ಮುಂದಿನವರನ್ನು ನೀರಿಗಿಳಿಸಿದೆ. ಹನ್ನೆರಡು ಸಂಖ್ಯೆಗಳೂ ಕೇಳಿಬಂದ ನಂತರ, ಹಿಡಿಯಲು ಬೆಳಕಿಲ್ಲದೆ ನೀನು ಕೊನೆಯವನಾಗಿ ದಾಟಿದೆ. ಬೆಂಕಿ ಹಾಕಿ ಎಲ್ಲರೂ ಮೈ ಕಾಯಿಸಿಕೊಳ್ಳುತ್ತಿರುವಾಗಲೂ ನೀನು ನಿಂತೇ ತಲೆ ಎಣಿಸುತ್ತಿದ್ದೆ. ಆಗ ನಮ್ಮಲ್ಲೊಬ್ಬ, ‘ಕರ್ನಲ್, ಈಗಲಾದರೂ ಕೂತುಕೋ’ ಎಂದ. ಯಾರೂ ನಗಲಿಲ್ಲ, ನೀನು ಕೂತೆ. ಹೆಸರು ಹುಟ್ಟಿದ್ದು ಅಲ್ಲಿ.

ಪದದ ಮೂಲವನ್ನು ನೋಡಿದರೆ ಆ ಗೆಳೆಯ ತನಗೇ ಗೊತ್ತಿಲ್ಲದೆ ಸರಿಯಾದ ಮಾತನ್ನೇ ಆಡಿದ್ದನೆನ್ನಿಸುತ್ತದೆ. ಇಟಲಿಯ ಭಾಷೆಯಲ್ಲಿ ‘ಕೊಲೊನ್ನಾ’ ಎಂದರೆ ಕಂಬ. ಉದ್ದಕ್ಕೆ ಸಾಲುಗಟ್ಟಿ ನಡೆಯುವ ಸೈನಿಕರ ತುಕಡಿಗೂ ಅದೇ ಹೆಸರಾಗಿ, ಅದರ ಮುಂದಾಳು ‘ಕೊಲೊನ್ನೆಲ್ಲೊ’ ಎನ್ನಿಸಿಕೊಂಡ. ಫ್ರೆಂಚರ ಬಾಯಲ್ಲಿ ಲಕಾರವೊಂದು ರಕಾರವಾಯಿತು. ಎರಡೂ ರೂಪಗಳು ಇಂಗ್ಲಿಷಿಗೆ ಬಂದು ಸೇರಿ, ಬರವಣಿಗೆಯಲ್ಲಿ ಲಕಾರವೂ ಉಚ್ಚಾರಣೆಯಲ್ಲಿ ರಕಾರವೂ ಉಳಿದವು. ಕಿವಿಗೆ ಬಿದ್ದದ್ದನ್ನೇ ಬರೆಯುವ ಕನ್ನಡ ‘ಕರ್ನಲ್’ ಎಂದು ಬರೆದುಕೊಂಡಿತು. ಉಳಿದ ಸೇನಾಪದವಿಗಳೂ ಹುಟ್ಟಿನಲ್ಲಿ ಕೆಲಸದ ಹೆಸರುಗಳೇ. ಲೆಫ್ಟಿನೆಂಟ್ ಎಂದರೆ ಇನ್ನೊಬ್ಬನ ಸ್ಥಾನದಲ್ಲಿ ನಿಂತವನು, ಸಾರ್ಜೆಂಟ್ ಎಂದರೆ ಸೇವೆ ಮಾಡುವವನು, ಮಾರ್ಷಲ್ ಎಂದರೆ ಮೊದಲಿಗೆ ಕುದುರೆ ನೋಡಿಕೊಳ್ಳುವ ಆಳು. ಇಂದು ಭಾರತೀಯ ಸೇನೆಯಲ್ಲಿ ಸುಮಾರು 800 ಜನರ ಬೆಟಾಲಿಯನ್ನನ್ನು ಸಾಮಾನ್ಯವಾಗಿ ಮುನ್ನಡೆಸುವವರು ಕರ್ನಲ್. ಆ ಎಂಟುನೂರು ಜನ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದಕ್ಕೆ ಉತ್ತರ ಕೊಡಬೇಕಾದ ಹೊಣೆ ಆ ಪದದೊಳಗಿದೆ.

ಸೇನೆಯ ಹೊರಗೆ ಈ ಪದ ಎಷ್ಟು ರೀತಿಯಲ್ಲಿ ಬಳಕೆಯಾಗಿದೆ ಎಂದು ಯೋಚಿಸುತ್ತಾ ಹೋದಂತೆ, ಅವೆಲ್ಲವೂ ಒಂದೇ ಬಗೆಯವಲ್ಲ ಎಂಬುದು ನನಗೆ ಸ್ಪಷ್ಟವಾಯಿತು. ಅಮೆರಿಕದ ಕೆಂಟಕಿ ರಾಜ್ಯದ ಗವರ್ನರು ತಾವು ಗೌರವಿಸಬಯಸುವವರಿಗೆ ‘ಕೆಂಟಕಿ ಕರ್ನಲ್’ ಎಂಬ ಬಿರುದನ್ನು ಕೊಡುತ್ತಾ ಬಂದಿದ್ದಾರೆ. ಆರಂಭದಲ್ಲಿ ಅದು ಗವರ್ನರರ ಅಂಗರಕ್ಷಕ ಸಹಾಯಕನ ನಿಜವಾದ ಕೆಲಸಕ್ಕೆ ಹತ್ತಿರವಾಗಿತ್ತು, ಕ್ರಮೇಣ ಬರೀ ಗೌರವವಾಯಿತು. 1935ರಲ್ಲಿ ಗವರ್ನರ್ ರೂಬಿ ಲಫೂನ್ ಅದನ್ನು ಕೊಟ್ಟವರಲ್ಲಿ ರಸ್ತೆಬದಿಯ ಊಟದ ಮನೆ ನಡೆಸುತ್ತಿದ್ದ, ಮುಂದೆ ಕೆಎಫ್‌ಸಿ ಎಂಬ ಕೋಳಿಖಾದ್ಯದ ಅಂಗಡಿಗಳಿಂದ ಹೆಸರಾದ ಹಾರ್ಲೆಂಡ್ ಸ್ಯಾಂಡರ್ಸ್ ಒಬ್ಬರು. ಹರೆಯದಲ್ಲಿ ಅವರು ಸೇನೆಯಲ್ಲಿ ಸ್ವಲ್ಪ ಕಾಲ ಇದ್ದದ್ದು ನಿಜ, ಆದರೆ ಸಾಮಾನ್ಯ ಸೈನಿಕರಾಗಿ. ಎರಡನೆಯ ಸಲ ಬಿರುದು ಬಂದ ಮೇಲೆ ಅವರು ಬಿಳಿಯ ಸೂಟು, ಕಪ್ಪು ದಾರದಂಥ ಟೈ ಧರಿಸಿ, ತಲೆಗೂದಲಿಗೆ ಒಪ್ಪುವಂತೆ ಗಡ್ಡಮೀಸೆಗಳನ್ನೂ ಬೆಳ್ಳಗಾಗಿಸಿಕೊಂಡು, ಜೀವನದ ಕೊನೆಯವರೆಗೂ ಜನರ ಮುಂದೆ ಆ ವೇಷದಲ್ಲೇ ಕಾಣಿಸಿಕೊಂಡರು. ಗಾಯಕ ಎಲ್ವಿಸ್ ಪ್ರೀಸ್ಲಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಟಾಮ್ ಪಾರ್ಕರ್‌ಗೆ 1948ರಲ್ಲಿ ಲೂಸಿಯಾನದ ಗವರ್ನರಿಂದ ಬಂದದ್ದೂ ಇಂಥದೇ ಬಿರುದು. ಆತ ಅದನ್ನು ಹೆಸರಿನ ಭಾಗವಾಗಿಸಿಕೊಂಡ. ಇಬ್ಬರ ವಿಷಯದಲ್ಲೂ ಪದವಿ ವ್ಯಾಪಾರದ ಗುರುತಾಯಿತು. ಇದನ್ನು ಮೋಸವೆಂದು ನಾನು ಹೇಳಲಾರೆ, ಕೊಟ್ಟವರು ಅಧಿಕಾರದಲ್ಲಿದ್ದವರೇ. ಆದರೂ ಈ ಬಳಕೆ ನನ್ನ ಮನಸ್ಸಿಗೆ ಹಿಡಿಸುವುದಿಲ್ಲ. ಯಾರ ಹೊಣೆಯನ್ನೂ ಹೊರದ ಪದವಿ ಅಂಗಡಿಯ ಫಲಕದ ಮೇಲೆ ಏರಿದಾಗ ಅದರೊಳಗಿನ ಎಂಟುನೂರು ಜನ ಕಾಣದಾಗುತ್ತಾರೆ.

ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ನರ ಆಪ್ತ ಸಲಹೆಗಾರನಾಗಿದ್ದ ಎಡ್ವರ್ಡ್ ಹೌಸ್ ಒಂದು ದಿನವೂ ಸೇನೆಯಲ್ಲಿರಲಿಲ್ಲ. ಟೆಕ್ಸಾಸಿನ ಗವರ್ನರರೊಬ್ಬರು ಚುನಾವಣೆಯ ಸಹಾಯಕ್ಕೆ ಪ್ರತಿಯಾಗಿ ಕೊಟ್ಟ ಬಿರುದಿನಿಂದಾಗಿ, 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲೂ ಆತ ‘ಕರ್ನಲ್ ಹೌಸ್’ ಆಗಿಯೇ ಓಡಾಡಿದ. ಇದಕ್ಕೆ ವಿರುದ್ಧವಾದದ್ದು ಥಿಯೊಡೋರ್ ರೂಸ್ವೆಲ್ಟ್ ಅವರ ಕಥೆ. 1898ರಲ್ಲಿ ಕ್ಯೂಬಾದ ಯುದ್ಧಭೂಮಿಯಲ್ಲಿ ಸ್ವಯಂಸೇವಕ ಅಶ್ವದಳವನ್ನು ಮುನ್ನಡೆಸಿ ಕರ್ನಲ್ ಆಗಿದ್ದ ಅವರು, ಏಳು ವರ್ಷಕ್ಕೂ ಹೆಚ್ಚು ಕಾಲ ದೇಶದ ಅಧ್ಯಕ್ಷರಾಗಿದ್ದು 1909ರಲ್ಲಿ ಕೆಳಗಿಳಿದ ಮೇಲೆ, ಜನ ತಮ್ಮನ್ನು ‘ಕರ್ನಲ್’ ಎಂದು ಕರೆಯುವುದನ್ನೇ ಬಯಸಿದರು. ಅಧ್ಯಕ್ಷ ಪದವಿಯನ್ನು ಕಂಡವನಿಗೂ, ಜೊತೆಯವರೊಂದಿಗೆ ಗುಂಡಿನ ಮಳೆಯಲ್ಲಿ ನಿಂತು ಗಳಿಸಿದ ಹೆಸರು ಹೆಚ್ಚು ಆಪ್ತವಾಗಿತ್ತು.

ನಮ್ಮ ಕ್ರಿಕೆಟ್ಟಿನ ಕಥೆಯನ್ನು ಹೇಳದಿದ್ದರೆ ನೀನು ನನ್ನನ್ನು ಬಿಡುವುದಿಲ್ಲ. 1932ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತ ಮೊದಲ ಟೆಸ್ಟ್ ಆಡಿದಾಗ ನಾಯಕರಾಗಿದ್ದ ಸಿ. ಕೆ. ನಾಯುಡು ಅವರು ಹೋಳ್ಕರ್ ಸಂಸ್ಥಾನದ ಸೇನೆಯಲ್ಲಿ ಕರ್ನಲ್. ಅಂದರೆ ಅವರದ್ದು ಪದವಿ. 1975ರ ಇರಾನಿ ಟ್ರೋಫಿಯಲ್ಲಿ ಹತ್ತೊಂಬತ್ತರ ಹುಡುಗ ದಿಲೀಪ್ ವೆಂಗ್‌ಸರ್ಕರ್ ಬೇಡಿ, ಪ್ರಸನ್ನರಂಥವರ ಬೌಲಿಂಗನ್ನು ಅಂಜಿಕೆಯಿಲ್ಲದೆ ಬಾರಿಸಿ ಶತಕ ಹೊಡೆದಾಗ ನೋಡಿದವರಿಗೆ ನಾಯುಡು ನೆನಪಾದರು. ಹುಡುಗ ‘ಕರ್ನಲ್’ ಆದ. ಅವರದ್ದು ಅಡ್ಡಹೆಸರು. ಮುಂದೆ ಅದೇ ಲಾರ್ಡ್ಸ್‌ನಲ್ಲಿ ಅವರು ಮೂರು ಟೆಸ್ಟ್ ಶತಕ ಹೊಡೆದರು. ಒಂದು ಪೀಳಿಗೆಯ ಪದವಿ ಇನ್ನೊಂದು ಪೀಳಿಗೆಯಲ್ಲಿ ಅಡ್ಡಹೆಸರಾಗಿ ಇಳಿದು ಬಂದದ್ದು ನನಗೆ ಬಹಳ ಇಷ್ಟವಾದ ಸಂಗತಿ, ಏಕೆಂದರೆ ಅಲ್ಲಿ ಸೇನೆಯ ಮಾತು ಬಂದದ್ದೇ ಒಬ್ಬ ಮನುಷ್ಯನ ನೆನಪಿನ ಮೂಲಕ. ಕಪಿಲ್ ದೇವ್ 2008ರಲ್ಲೂ ಮಹೇಂದ್ರ ಸಿಂಗ್ ಧೋನಿ 2011ರಲ್ಲೂ ಅರೆಕಾಲಿಕ ಸೈನಿಕರ ಪಡೆಯಾದ ಟೆರಿಟೋರಿಯಲ್ ಆರ್ಮಿಯ ಗೌರವ ಲೆಫ್ಟಿನೆಂಟ್ ಕರ್ನಲ್‌ಗಳಾದರು. ಧೋನಿ 2019ರಲ್ಲಿ ತಮ್ಮ ಬೆಟಾಲಿಯನ್ನಿನೊಂದಿಗೆ ಕಾಶ್ಮೀರದಲ್ಲಿ ಇದ್ದು ಕರ್ತವ್ಯ ಮಾಡಿ ಬಂದರೆಂಬುದನ್ನು ಓದಿದಾಗ, ಕೊಟ್ಟ ಗೌರವವನ್ನು ಅವರು ಕೆಲಸವೆಂದು ಎತ್ತಿಕೊಂಡರಲ್ಲ ಎಂದು ಸಂತೋಷಪಟ್ಟಿದ್ದೆ.

ಅಧಿಕಾರದ ಗದ್ದುಗೆ ಹತ್ತಿದವರ ‘ಕರ್ನಲ್’ ಬೇರೆಯೇ ಬಗೆಯದು. 1969ರಲ್ಲಿ ಲಿಬಿಯಾದ ದೊರೆಯನ್ನು ಇಳಿಸಿದಾಗ ಗಡಾಫಿಗೆ ಇಪ್ಪತ್ತೇಳು ವರ್ಷ. ಕಿರಿಯ ಅಧಿಕಾರಿಯಾಗಿದ್ದ ಆತ ಕರ್ನಲ್ ಆದ, ಮತ್ತು 2011ರಲ್ಲಿ ಸಾಯುವವರೆಗೂ ಜಗತ್ತಿಗೆ ಕರ್ನಲ್ ಗಡಾಫಿಯಾಗಿಯೇ ಉಳಿದ. ಉಗಾಂಡದ ಇದಿ ಅಮೀನ್ ತನ್ನನ್ನು ತಾನೇ ಫೀಲ್ಡ್ ಮಾರ್ಷಲ್ ಎಂದು ಘೋಷಿಸಿಕೊಂಡ. ಗ್ರೀಸಿನಲ್ಲಿ 1967ರಿಂದ 1974ರವರೆಗಿನ ಸರ್ವಾಧಿಕಾರವನ್ನು ಜನ ಇಂದಿಗೂ ‘ಕರ್ನಲ್‌ಗಳ ಆಡಳಿತ’ ಎಂದೇ ಕರೆಯುತ್ತಾರೆ. ಅಲ್ಲಿ ಬದುಕಿದ್ದ ಒಬ್ಬರ ಕಿವಿಗೆ ಈ ಪದ ಹೇಗೆ ಕೇಳಿಸಬಹುದೆಂದು ಯೋಚಿಸು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ವಿಲಿಯಂ ಬೂತ್ ಅವರ ಸಾಲ್ವೇಷನ್ ಆರ್ಮಿ. 1878ರಲ್ಲಿ ಆ ಹೆಸರು ತಳೆದ ಈ ಕ್ರೈಸ್ತ ಸೇವಾಸಂಸ್ಥೆಯಲ್ಲಿ ಕ್ಯಾಪ್ಟನ್, ಮೇಜರ್, ಕರ್ನಲ್, ಜನರಲ್ ಎಲ್ಲರೂ ಇದ್ದಾರೆ, ಆಯುಧ ಮಾತ್ರ ಇಲ್ಲ. ಅವರ ಕೆಲಸ ಹಸಿದವರಿಗೆ ಊಟ, ಸೂರಿಲ್ಲದವರಿಗೆ ಸೂರು. ಮೊದಲಿನಿಂದಲೂ ಹೆಂಗಸರಿಗೆ ಅಲ್ಲಿ ಅಧಿಕಾರಿಯ ಪದವಿ ಸಿಗುತ್ತಿತ್ತು. 1934ರಲ್ಲಿ ಇವ್ಯಾಂಜಲಿನ್ ಬೂತ್ ಜನರಲ್ ಆಗಿ ಆಯ್ಕೆಯಾದರು. ಪದ ಎರವಲು, ಆದರೆ ಅದರ ಹೊಣೆ ಪೂರ್ತಿ. ಇಂಥ ಎರವಲಿನ ಬಗ್ಗೆ ನನ್ನಲ್ಲಿ ಯಾವ ತಕರಾರೂ ಇಲ್ಲ.

ನೀನು ಕೇಳಬಹುದು: ತಂಡದ ನಾಯಕನನ್ನು ಕ್ಯಾಪ್ಟನ್ ಎನ್ನುತ್ತೇವೆ, ಹಡಗಿನವರನ್ನೂ ವಿಮಾನದವರನ್ನೂ ಹಾಗೆಯೇ ಕರೆಯುತ್ತೇವೆ, ಅವರನ್ನು ಯಾರೂ ರೆಜಿಮೆಂಟ್ ಯಾವುದೆಂದು ಕೇಳುವುದಿಲ್ಲವಲ್ಲ ಎಂದು. ನಿಜ. ಕ್ಯಾಪ್ಟನ್ ಎಂಬ ಪದ ಬಹಳ ಹಿಂದೆಯೇ ಸೇನೆಯ ಗಡಿಯನ್ನು ದಾಟಿ ಎಲ್ಲ ಕಡೆ ನೆಲೆಸಿದೆ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮಾನ, ಭೂಸೇನೆಯ ಕ್ಯಾಪ್ಟನ್ ಅದಕ್ಕಿಂತ ಮೂರು ಮೆಟ್ಟಿಲು ಕೆಳಗೆ. ಸೇನೆಯೊಳಗೇ ಅದಕ್ಕೆ ಒಂದೇ ಅರ್ಥವಿಲ್ಲ. ಕರ್ನಲ್ ಹಾಗಲ್ಲ. ಅದನ್ನು ಕೇಳಿದೊಡನೆ ಮನಸ್ಸು ನೇರವಾಗಿ ಸೇನೆಗೇ ಹೋಗುತ್ತದೆ, ಆ ಹಿರಿಯರ ಕೈ ಮುಂದೆ ಬಂದದ್ದೂ ಅದಕ್ಕೇ.

ಇನ್ನು ಕಾನೂನಿನ ಮಾತು. ನಮ್ಮ ಸಂವಿಧಾನದ 18ನೆಯ ವಿಧಿ ರಾಜ್ಯವು ಬಿರುದುಗಳನ್ನು ಕೊಡಬಾರದೆಂದು ಹೇಳಿ, ಸೈನಿಕ ಮತ್ತು ಶೈಕ್ಷಣಿಕ ವಿಶೇಷಣಗಳನ್ನು ಮಾತ್ರ ಅದರಿಂದ ಹೊರಗಿಟ್ಟಿದೆ. ಪದ್ಮ ಪ್ರಶಸ್ತಿಗಳನ್ನೂ ಭಾರತರತ್ನವನ್ನೂ ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಹಚ್ಚಿಕೊಳ್ಳಬಾರದೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ರಾಜರ ಕಾಲದ ಬಿರುದುಗಳನ್ನೆಲ್ಲ ಕಳಚಿಟ್ಟ ಗಣರಾಜ್ಯ ಹೆಸರಿನ ಜೊತೆ ಉಳಿಯಲು ಬಿಟ್ಟ ಕೆಲವೇ ಪದಗಳಲ್ಲಿ ಇದೊಂದು. ನಿವೃತ್ತ ಅಧಿಕಾರಿಗಳು ‘ನಿವೃತ್ತ’ ಎಂಬ ಪದವನ್ನು ಪದವಿಯ ಪಕ್ಕದಲ್ಲಲ್ಲ, ಹೆಸರೆಲ್ಲ ಮುಗಿದ ಮೇಲೆ ಬರೆಯಬೇಕೆಂದು ಸೇನೆ ಹೇಳುವುದು ಕೂಡ ಇದೇ ಕಾರಣಕ್ಕೆ: ನಿವೃತ್ತಿ ಮನುಷ್ಯನಿಗೆ, ಪದವಿಗಲ್ಲ.

ಬಾನಾ ಸಿಂಗ್ ಅವರನ್ನು ನೆನೆದುಕೋ. 1987ರಲ್ಲಿ ಸಿಯಾಚಿನ್‌ನ ಸುಮಾರು 21,000 ಅಡಿ ಎತ್ತರದ ಠಾಣೆಯನ್ನು ಹಿಮದ ಗೋಡೆ ಹತ್ತಿ ವಶಪಡಿಸಿಕೊಂಡಾಗ ಅವರು ಲೆಫ್ಟಿನೆಂಟ್‌ಗಿಂತಲೂ ಕೆಳಗಿನ ದರ್ಜೆಯ ನಾಯಬ್ ಸುಬೇದಾರ್. ಪರಮವೀರ ಚಕ್ರ ಬಂತು, ಠಾಣೆಗೆ ಅವರದೇ ಹೆಸರು ಬಂತು, ಮೂರು ದಶಕಗಳ ಸೇವೆ ಮುಗಿಸಿ ಮನೆಗೆ ಬರುವಾಗ ಅವರ ಪದವಿ ಗೌರವ ಕ್ಯಾಪ್ಟನ್. ಕರ್ನಲ್ ಎಂಬ ಪದದ ಎತ್ತರ ಎಷ್ಟೆಂದು ಆ ಹಿರಿಯರಂಥವರಿಗೆ ಹೀಗೆ ಗೊತ್ತಿರುತ್ತದೆ. ತಮ್ಮವನೊಬ್ಬ ಸಿಕ್ಕನೆಂದು ಅವರು ಎದ್ದು ಬಂದಿದ್ದರು. ಹಿಡಿತ ಸಡಿಲವಾದದ್ದು ನಿನ್ನ ಮೇಲಿನ ಅಸಮಾಧಾನದಿಂದ ಎಂದು ನಾನು ನಂಬುವುದಿಲ್ಲ, ಒಂಟಿತನ ಮರಳಿ ಬಂದದ್ದರಿಂದ ಇರಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಅಂದು ಬೆಂಕಿಯ ಸುತ್ತ ಇದ್ದ ಹನ್ನೆರಡು ಜನರಿಗೆ ಆ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕಿದೆ, ಏಕೆಂದರೆ ಅವರು ಕರೆಯುವುದು ಅಂದು ಕಂಡದ್ದನ್ನು. ಅದನ್ನು ಬೇಡವೆನ್ನುವ ಹಕ್ಕು ನಿನಗೂ ಇಲ್ಲವೆಂದೇ ನಾನು ತಿಳಿದಿದ್ದೇನೆ. ಆದರೆ ಅಚ್ಚಿನಲ್ಲಿ, ಫಲಕದಲ್ಲಿ, ವೇದಿಕೆಯ ಪರಿಚಯದಲ್ಲಿ ಆ ಪದ ಬೇಡ. ಕಾಗದದ ಮೇಲೆ ನಮ್ಮ ಧ್ವನಿ ಇರುವುದಿಲ್ಲ. ಓದುವ ಅಪರಿಚಿತನಿಗೆ ಹಳ್ಳವೂ ಹಗ್ಗವೂ ಕಾಣುವುದಿಲ್ಲ, ಪದವಿಯೊಂದೇ ಕಾಣುತ್ತದೆ.

ಸಂಚಿಕೆಯ ಕರಡನ್ನು ತರಿಸಿಕೊಂಡು ನಿನ್ನ ಹೆಸರಿನ ಹಿಂದಿನ ಪದವನ್ನು ಹೊಡೆದುಹಾಕಿದ್ದೇನೆ, ನಾಳೆ ಮುದ್ರಣಕ್ಕೆ ಹೋಗುತ್ತದೆ. ಆ ಹಿರಿಯರ ವಿಳಾಸ ಸಂಘದ ಕಾರ್ಯದರ್ಶಿಯಲ್ಲಿದೆ. ಮುಂದಿನ ಭಾನುವಾರ ನಾವಿಬ್ಬರೂ ಅವರ ಮನೆಗೆ ಹೋಗಿಬರೋಣ. ಅವರ ರೆಜಿಮೆಂಟ್ ಯಾವುದೆಂದು ಅಂದು ನೀನು ಕೇಳಲೇ ಇಲ್ಲವಲ್ಲ.

ನಿನ್ನ,
ಏಳನೆಯ ಸಂಖ್ಯೆಯ ಗೆಳೆಯ